ಮಂಜಿನಲ್ಲಿ ಬ್ಲೀಕ್ಲೋ ವಿಮಾನದ ಜಾಗ ಹಿಡಿದದ್ದು: ನನ್ನ ಅನುಭವ

ನಾಲ್ಕನೇ ಸಲಕ್ಕೆ ಸಿಕ್ಕಿತು. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನ ಬ್ಲೀಕ್ಲೋ ಬೆಟ್ಟದಲ್ಲಿ ಮೋಡ ನೆಲಕ್ಕಿಳಿದ ದಿನವೇ, ಫೋನ್ ಮುಟ್ಟದೆ, ಬರೀ ಕಂಪಾಸು ಮತ್ತು ಹೆಜ್ಜೆ ಲೆಕ್ಕದಲ್ಲಿ ಬಿ-29 ಮಿಲಿಟರಿ ವಿಮಾನ ಬಿದ್ದ ಜಾಗಕ್ಕೆ ಹೋಗುತ್ತೇನೆ ಅಂದಾಗ "ಅದೆಲ್ಲ ಆಗೋ ಮಾತಲ್ಲ ಮಾರಾಯ" ಅಂದಿದ್ದರು ಜೊತೆಯವರು.

ಮೊದಲ ಸಲ ಸ್ನೇಕ್ ಪಾಸ್ ರಸ್ತೆಯ ನೆತ್ತಿಯಿಂದ ನೇರ ಬೇರಿಂಗ್ (ಕಂಪಾಸು ತೋರಿಸುವ ದಿಕ್ಕಿನ ಡಿಗ್ರಿ) ಹಿಡಿದೆ. ಎರಡು ಕಿಲೋಮೀಟರ್ ಅಷ್ಟೇ, ಆದರೆ ಪೀಟ್ (ಸಸ್ಯ ಕೊಳೆತ ಕಪ್ಪು ಜೌಗುಮಣ್ಣು) ಕೊರಕಲುಗಳನ್ನು ಒಂದೊಂದಾಗಿ ಇಳಿದು ಹತ್ತುವಾಗ ಪಕ್ಕಕ್ಕೆ ಜಾರಿ ಜಾರಿ ಎಲ್ಲಿಗೋ ಹೋದೆ. ಎರಡನೇ ಸಲ ಕೆಸರಿನಲ್ಲಿ ಬೂಟಿನ ಅಟ್ಟೆ ಕಿತ್ತುಬಂತು. ನೂರಿಪ್ಪತ್ತು ಪೌಂಡ್ ಚಿಲ್ಲರೆ ನಷ್ಟ. ಮೂರನೇ ಸಲ ಕೆಟ್ಟದ್ದು ಹೆಜ್ಜೆ ಲೆಕ್ಕ. ಸಮತಟ್ಟಿನಲ್ಲಿ ನೂರು ಮೀಟರಿಗೆ ನನ್ನದು 64 ಜೋಡಿ ಹೆಜ್ಜೆ. ಅಲ್ಲಿ ತೊಂಬತ್ತರ ಹತ್ತಿರ ಬೇಕು!

ಆಮೇಲೆ ವಿಮಾನಕ್ಕೇ ನೇರ ಗುರಿಯಿಡುವುದು ಬಿಟ್ಟೆ. ಪೆನ್ನೈನ್ ವೇ ಕಾಲುದಾರಿ ಹಿಡಿದು ಹರ್ನ್ ಕ್ಲಫ್ ತೊರೆಗೆ ಹೋಗಿ, ತೊರೆಯ ಗುಂಟ ಏರಿ, ಅಲ್ಲಿಂದ ಪಶ್ಚಿಮಕ್ಕೆ, ಹೈಯರ್ ಶೆಲ್ಫ್ ಸ್ಟೋನ್ಸ್ ಎಂಬ 621 ಮೀಟರ್ ಎತ್ತರದ ನೆತ್ತಿಯ ಟ್ರಿಗ್ ಕಂಬಕ್ಕೆ (ಭೂಮಾಪನದ ಗುರುತುಕಂಬ). ಕಂಬ ತಪ್ಪಿದರೂ ಮುಂದೆ ಕಡಿದಾದ ಅಂಚು ತಡೆಯುತ್ತದೆ. ಕಂಬದಿಂದ ಈಶಾನ್ಯಕ್ಕೆ ಇನ್ನೂರು ಮೀಟರಿನೊಳಗೇ ವಿಮಾನ. ತೊರೆಯನ್ನು ಯಾವ ಕವಲಿನಲ್ಲಿ ಬಿಡಬೇಕು ಅನ್ನುವುದು ಮೂರು ಸೋಲಿನ ಸಂಪಾದನೆ, ಅದನ್ನು ಹೇಳುವುದಿಲ್ಲ. ಲೆಕ್ಕಕ್ಕೆಂದು ನೂರು ಮೀಟರಿಗೊಂದು ಬೆಣಚುಕಲ್ಲನ್ನು ಎಡಜೇಬಿನಿಂದ ಬಲಜೇಬಿಗೆ ಹಾಕುತ್ತಾ ಹೋದೆ. ಮೊದಲು ಮಣಿಸರ ಮಾಡಿಕೊಂಡಿದ್ದೆ. ಕೈಗವಸಿನೊಳಗೆ ಮರಗಟ್ಟಿದ ಬೆರಳಿಗೆ ಮಣಿ ಸಿಗುವುದಿಲ್ಲ.

ಮಂಜಿನೊಳಗಿಂದ ಮೊದಲು ಎದ್ದು ಬಂದದ್ದು ಒಂದು ಎಂಜಿನ್. ಒಂಬತ್ತೊಂಬತ್ತರಂತೆ ಎರಡು ಸುತ್ತು, ಹದಿನೆಂಟು ಸಿಲಿಂಡರಿನದು. ಕಂಪಾಸನ್ನು ಅದಕ್ಕೆ ತಾಗಿಸಿ ನೋಡಿದೆ, ಮುಳ್ಳು ಸರಕ್ಕನೆ ವಾಲಿತು. ಅಲ್ಯೂಮಿನಿಯಂ ತಗಡಿನ ಪಕ್ಕ ಅಲುಗಲಿಲ್ಲ. ವಾಪಸಿನ ಬೇರಿಂಗನ್ನು ಎಂಜಿನ್ನಿನಿಂದ ದೂರ ನಿಂತೇ ತೆಗೆಯಿರಿ.

1946ರಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದ ಅಣುಪರೀಕ್ಷೆಗಳ ಚಿತ್ರ ತೆಗೆದ ಅಮೆರಿಕದ ವಿಮಾನ ಇದು. 1948ರ ನವೆಂಬರ್ 3ರಂದು ಸ್ಕ್ಯಾಂಪ್ಟನ್ ವಾಯುನೆಲೆಯಿಂದ ಬರ್ಟನ್‌ವುಡ್ ವಾಯುನೆಲೆಗೆ ಅರ್ಧ ಗಂಟೆಯೂ ಇಲ್ಲದ ಹಾರಾಟ. ತಗ್ಗಿನ ಮೋಡದಲ್ಲಿ ಇಲ್ಲಿಗೆ ಬಡಿದು ಹದಿಮೂರೂ ಜನ ಹೋದರು. ಸ್ಮಾರಕ ಫಲಕವನ್ನು 1988ರಲ್ಲಿ ಇಟ್ಟವರು ಫಿನ್ನಿಂಗ್ಲಿಯ ವಾಯುನೆಲೆಯಲ್ಲಿ ನ್ಯಾವಿಗೇಷನ್ ಕಲಿಯುತ್ತಿದ್ದ ತಂಡ. ಆ ಸಾಲು ಓದಿ ಟೋಪಿ ತೆಗೆದೆ. ಮಡಿದ ಸೈನಿಕರ ನೆನಪಿಗೆ ಇಡುವ ಕೆಂಪು ಗಸಗಸೆ ಹೂ ಅಂಟಿಸಿದ ಪುಟ್ಟ ಮರದ ಶಿಲುಬೆಯೊಂದು ಗಾಳಿಗೆ ಮಗುಚಿತ್ತು. ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಜೇಬಿನ ಕಲ್ಲೆರಡು ಒತ್ತಿಟ್ಟು, ಮಿಕ್ಕವನ್ನು ಎಣಿಸುತ್ತಾ ಇಳಿದೆ.