ಅಕ್ಕಿಕಾಳಿನ ಹೊತ್ತಿಗೆ ಹಾಡು ನಿಲ್ಲಬೇಕು

ಸಿಂದಗಿ ಕಡೆಯ ಒಂದು ಹಳ್ಳಿಯಲ್ಲಿ ಲಗ್ನ. ಮನೆ ಮುಂದೆ ಹಂದರ, ಹಂದರದ ಎರಡೂ ಮಗ್ಗುಲಿಗೆ ನನ್ನ ಡಿಜೆಯ ಬೇಸ್ ಡಬ್ಬಿಗಳು. ಹುಡುಗರು ಕುಣಿಯುತ್ತಿದ್ದರು, ನಾನು ಹಾಡಿನ ಮೇಲೆ ಹಾಡು ಬಿಡುತ್ತಿದ್ದೆ. ಲಗ್ನ ಮಾಡಿಸುವ ಐನೋರು ಮಂತ್ರ ಶುರು ಮಾಡಿದ್ದು ನನಗೆ ಕೇಳಲೇ ಇಲ್ಲ. ಮುಂದೆ ನಿಂತವರು ಅಕ್ಕಿಕಾಳು ಹಾಕಿದರು, ಹಿಂದಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು. ತುಸು ಹೊತ್ತಿಗೆ ಮದುಮಗಳ ಅಜ್ಜಿ ನನ್ನ ಮಿಕ್ಸರ್ ಹತ್ತಿರ ಬಂದು ಮುಷ್ಟಿ ಬಿಚ್ಚಿ ತೋರಿಸಿದರು. ಅರಿಶಿಣದ ಕಾಳು ಬೆವರಿಗೆ ಅಂಗೈಗೆ ಮೆತ್ತಿಕೊಂಡಿತ್ತು.

"ತಮ್ಮಾ, ಮೊಮ್ಮಗಳ ತಲಿ ಮ್ಯಾಲ ಹಾಕಬೇಕಂತ ಹಿಡಕೊಂಡಿದ್ನೆಪಾ. ನಿನ್ನ ಹಾಡಿನ್ಯಾಗ ಗೊತ್ತ ಆಗಲಿಲ್ಲ."

ಅಲ್ಲಿಯವರೆಗೆ ವ್ಯಾಪಾರಕ್ಕಾಗಿ ನಾನು ಬರೆಯುತ್ತಿದ್ದುದು ಒಂದೇ ಸಾಲು: ಭರ್ಜರಿ ಸೌಂಡ್, ಕಡಿಮೆ ರೇಟ್. ಮೇಲೆ ಲೈಟಿನ ಫೋಟೋ, ಕೆಳಗೆ ಫೋನ್ ನಂಬರ್. ವಿಜಯಪುರದಲ್ಲಿ ಡಿಜೆ ಇಟ್ಟವರು ಬಹುತೇಕ ಅದನ್ನೇ ಬರೆಯುತ್ತೇವೆ. ಫೋನ್ ಮಾಡಿದವರು ರೇಟ್ ಕೇಳಿ, ಸಾವಿರ ಕಡಿಮೆ ಹೇಳಿದವರ ಕಡೆ ಹೋಗುತ್ತಿದ್ದರು. ಅದರಲ್ಲಿ ಅವರ ತಪ್ಪೇನಿಲ್ಲ. ರೇಟ್ ಬಿಟ್ಟು ಬೇರೇನನ್ನೂ ನಾವು ಅವರಿಗೆ ತಿಳಿಸಿಯೇ ಇರಲಿಲ್ಲ.

ಆ ರಾತ್ರಿ ಗಾಡಿಯಿಂದ ಸಾಮಾನು ಇಳಿಸಿ ಫೋನಿನಲ್ಲೇ ಬರೆಯಲು ಕೂತೆ. ಲಗ್ನದ ದಿನ ಯಾವ ಹೊತ್ತಿಗೆ ಎಷ್ಟು ಸದ್ದು ಇರಬೇಕು ಎನ್ನುವುದಷ್ಟೇ ವಿಷಯ. ಅರಿಶಿಣ ಹಚ್ಚುವಾಗ ಹೆಣ್ಣುಮಕ್ಕಳೇ ಹಾಡುತ್ತಾರೆ, ಮೈಕ್ ಅವರ ಕೈಗೆ ಕೊಡಿ, ಡಿಜೆ ಸುಮ್ಮನಿರಲಿ. ಸುರಗಿ ಶಾಸ್ತ್ರದಲ್ಲಿ ನೂಲು ಸುತ್ತುವಾಗ ಸಣ್ಣಗೆ ಸನಾದಿ ವಾದ್ಯ. ಐನೋರು ಮಂತ್ರ ಶುರು ಮಾಡುವ ಐದು ನಿಮಿಷ ಮೊದಲು ಹಾಡು ಪೂರ್ತಿ ಬಂದ್, ಅವರಿಗೊಂದು ಕಾಲರ್ ಮೈಕ್. ಕಾಳು ಬಿದ್ದ ಮೇಲೆ ವಾದ್ಯ. ಊಟದ ಪಂಕ್ತಿಯಲ್ಲಿ ಪಕ್ಕ ಕೂತವರ ಮಾತು ಕೇಳುವಷ್ಟು ಮಾತ್ರ, ಏಕೆಂದರೆ ಬೀಗರು ಬಿಜ್ಜರು ವರ್ಷಗಟ್ಟಲೆ ನೋಡದವರನ್ನು ಮಾತಾಡಿಸುವುದು ಅಲ್ಲಿಯೇ. ಕುಣಿತ ಮೆರವಣಿಗೆಗೆ. ಕೊನೆಗೊಂದು ಸಾಲು ಸೇರಿಸಿದೆ: ನಿಮ್ಮ ಮನೆಯ ಒಬ್ಬ ಹಿರಿಯರನ್ನು ಡಿಜೆಯವನಿಗೆ ತೋರಿಸಿಕೊಡಿ, ಅವರು ಕೈ ಎತ್ತಿದರೆ ಹಾಡು ನಿಲ್ಲಬೇಕು.

ಯಾವ ಡಿಜೆಯನ್ನು ಕರೆಸಿದರೂ ಕೆಲಸಕ್ಕೆ ಬರುವ ಪಟ್ಟಿ ಅದು. ನನ್ನ ಹೆಸರು ಕೊನೆಯಲ್ಲಿ ಒಂದು ಕಡೆ ಮಾತ್ರ ಇತ್ತು. ವಾಟ್ಸ್ಆ್ಯಪ್‌ನಲ್ಲಿ ಹಂಚಿದೆ, ಅದು ಕೈಯಿಂದ ಕೈಗೆ ಹೋಯಿತು. ಕೆಲವು ದಿನಕ್ಕೆ ಇಂಡಿ ಕಡೆಯಿಂದ ಮದುಮಗಳ ತಂದೆಯೊಬ್ಬರು ಫೋನ್ ಮಾಡಿದರು. "ಅಣ್ಣಾರ, ಆ ಕೈ ಎತ್ತೋ ಮನಶ್ಯಾ ನಾನ ಆಗತೀನ್ರಿ, ನೀವ ಬರ್ರಿ" ಅಂದರು. ರೇಟ್ ಆಮೇಲೆ ಕೇಳಿದರು.

ಆಗಿನಿಂದ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಜನ ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. "ಎರಡ ಬೇಸ್ ಸಾಕಾಗತಾವೇನ್ರಿ?" "ಕರೆಂಟ್ ಹೋದ್ರ ಏನ ಮಾಡ್ತೀರಿ?" "ಸೊಲ್ಲಾಪುರದ ಬೀಗರ ಅದಾರ, ಮರಾಠಿ ಹಾಡ ಅದಾವೇನ?" ಒಂದೇ ಪ್ರಶ್ನೆ ಮೂರು ಮನೆಗಳಿಂದ ಬಂದರೆ ಅದರ ಮೇಲೆ ಬರೆಯುತ್ತೇನೆ. ಬರೆಯುವ ಕಾಲ ಆಷಾಢ. ಲಗ್ನ ಇರುವುದಿಲ್ಲ, ಡಬ್ಬಿಗಳು ತಾಡಪತ್ರಿಯ ಕೆಳಗೆ ಮಲಗಿರುತ್ತವೆ. ಶೀರ್ಷಿಕೆಗೆ ಅವರು ಕೇಳಿದ ಮಾತನ್ನೇ ಇಡುತ್ತೇನೆ, ಉತ್ತರ ಮೊದಲ ಎರಡು ಸಾಲಿನಲ್ಲೇ ಬರಬೇಕು. ಊರಿನ ಹೆಸರು 2014ರ ನವೆಂಬರ್ 1ರಂದೇ ಅಧಿಕೃತವಾಗಿ ವಿಜಯಪುರ ಆಯಿತು, ಆದರೂ ಗೂಗಲ್‌ನಲ್ಲಿ ಇವತ್ತಿಗೂ "ಬಿಜಾಪುರ ಡಿಜೆ" ಅಂತ ಹೊಡೆದು ನನ್ನನ್ನು ಹುಡುಕಿದವರಿದ್ದಾರೆ. ಹಾಗಾಗಿ ಎರಡೂ ಹೆಸರು ಬರಹದೊಳಗೆ ಸಹಜವಾಗಿ ಬರುವಂತೆ ನೋಡಿಕೊಳ್ಳುತ್ತೇನೆ.

ಶುರುವಿನಲ್ಲಿ ನನ್ನ ಸಾಮಾನಿನ ಬಗ್ಗೆಯೂ ಬರೆದಿದ್ದೆ, ಎಷ್ಟು ವ್ಯಾಟ್, ಯಾವ ಆಂಪ್ಲಿಫೈಯರ್ ಅಂತ. ಅದನ್ನು ಓದಿ ಫೋನ್ ಮಾಡಿದವರೆಲ್ಲ ಬೇರೆ ಡಿಜೆಯವರು. ಮಗಳ ಲಗ್ನ ಮಾಡುವವರಿಗೆ ಆ ಲೆಕ್ಕ ಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು ಕಲ್ಯಾಣ ಮಂಟಪದ ದನಿ ಯಾಕೆ ಗಲಿಬಿಲಿಯಾಗುತ್ತದೆ ಎನ್ನುವ ಬರಹ. ಇದನ್ನು ನಮ್ಮೂರಿನವರಿಗೆ ತಿಳಿಸಿ ಹೇಳುವುದು ಸುಲಭ, ಏಕೆಂದರೆ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಕೂಗದ ಮಕ್ಕಳು ಇಲ್ಲಿಲ್ಲ. ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದೆ ಅಂತ ಹಿರಿಯರು ಹೇಳುತ್ತಾರೆ. ಅಲ್ಲಿ ಅದು ಸಂತೋಷ. ನೆಲಕ್ಕೆ ಟೈಲ್ಸ್, ಮೇಲೆ ತಗಡಿನ ಪತ್ರಾಸ್, ಬರಿಗೋಡೆ ಇರುವ ಮಂಟಪದಲ್ಲಿ ಅದೇ ಕೆಲಸ ನಡೆದರೆ ಮೈಕಿನಲ್ಲಿ ಹೇಳಿದ ಮದುಮಕ್ಕಳ ಹೆಸರೂ ತಿಳಿಯುವುದಿಲ್ಲ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹಿಂದಿನ ಗೋಡೆ 17 ಮೀಟರ್ ದೂರ ಇದ್ದರೆ ಹೋಗಿ ಮರಳಲು ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ಅಷ್ಟು ತಡವಾದರೆ ಕಿವಿಗೆ ಒಂದೇ ಮಾತು ಎರಡು ಸಲ ಕೇಳಿದಂತಾಗುತ್ತದೆ. ಆಗ ಸದ್ದು ಏರಿಸಿದರೆ ಮಾರ್ದನಿಯೂ ಏರುತ್ತದೆ. ಎರಡು ದೊಡ್ಡ ಡಬ್ಬಿಯ ಬದಲು ನಾಲ್ಕು ಸಣ್ಣ ಸ್ಪೀಕರ್ ಜನರ ಹತ್ತಿರ ಇಟ್ಟು ಸಣ್ಣಗೆ ಬಿಡಬೇಕು, ಬೇಸ್ ಇಳಿಸಬೇಕು. ಹಿಂದಿನ ಗೋಡೆಗೆ ಡೆಕೋರೇಶನ್‌ನವರಿಂದ ದಪ್ಪ ಪರದೆ ಕಟ್ಟಿಸಬೇಕು. ಖಾಲಿ ಮಂಟಪದಲ್ಲಿ ಕೇಳಿ ಗಾಬರಿಯಾಗಬೇಡಿ, ಜನ ತುಂಬಿದರೆ ಮೈಬಟ್ಟೆಯೇ ಸಾಕಷ್ಟು ದನಿ ಹೀರುತ್ತದೆ ಅಂತಲೂ ಬರೆದೆ. ಇದರಿಂದ ನಾಲ್ಕು ಬೇಸ್ ಬಾಡಿಗೆ ಕೇಳುತ್ತಿದ್ದವರು ಎರಡಕ್ಕೆ ಇಳಿದರು. ನನಗೆ ಹಣ ಕಡಿಮೆ ಬಂತು, ಆದರೆ ಹಾಗೆ ಇಳಿಸಿದ ಒಂದು ಮನೆಯವರು ಎರಡನೇ ಮಗಳ ಲಗ್ನಕ್ಕೂ ನನ್ನನ್ನೇ ಕರೆದರು.

ಕಷ್ಟ ಆದದ್ದು ರಾತ್ರಿ ಹತ್ತರ ಮಾತು. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ, ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಇದನ್ನು ಬರೆದರೆ ಗಿರಾಕಿ ಓಡುತ್ತಾರೆ ಅಂತ ನನ್ನ ಹುಡುಗರು ಬೇಡ ಅಂದರು. ಕೆಲವರು ಓಡಿದ್ದೂ ನಿಜ. ಒಂದು ಮನೆಯವರು ರಾತ್ರಿ ಒಂದು ಗಂಟೆವರೆಗೆ ಮೆರವಣಿಗೆ ಬೇಕು ಅಂದು ಅಡ್ವಾನ್ಸ್ ವಾಪಸ್ ತೆಗೆದುಕೊಂಡರು. ನಾನು ಬರಹ ತೆಗೆಯಲಿಲ್ಲ. ಬದಲಿಗೆ ಕೆಳಗೆ ಇನ್ನಷ್ಟು ಸೇರಿಸಿದೆ: ಮೆರವಣಿಗೆ ಸಂಜೆ 6ಕ್ಕೇ ಹೊರಡಿಸಿ, ಠಾಣೆಗೆ ಅರ್ಜಿ ಮೊದಲೇ ಕೊಡಿ, ದಾರಿಯಲ್ಲಿ ಆಸ್ಪತ್ರೆ ಬಂದರೆ ಎಲ್ಲಿ ಹಾಡು ನಿಲ್ಲಿಸಬೇಕು ಅಂತ ಗಾಡಿಯವನಿಗೆ ಹೇಳಿಡಿ. ಅರ್ಜಿಯಲ್ಲಿ ಏನೇನು ಬರೆಯಬೇಕು ಅಂತಲೂ ಹಾಕಿದೆ. ಈಗ ಬೇರೆ ಡಿಜೆ ಗೊತ್ತು ಮಾಡಿದವರೂ ಆ ಅರ್ಜಿಯ ನಮೂನೆ ಕೇಳಿ ಫೋನ್ ಮಾಡುತ್ತಾರೆ. ಕಳಿಸಿಕೊಡುತ್ತೇನೆ.

ಹಾಡಿಗೆ ಲೈಸೆನ್ಸ್ ಬೇಕಾ ಎನ್ನುವ ಪ್ರಶ್ನೆ ದೊಡ್ಡ ಹೋಟೆಲ್‌ಗಳಲ್ಲಿ ಲಗ್ನ ಮಾಡುವವರಿಂದ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಕೊಡುತ್ತದೆ. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಅಂತ ಅಲ್ಲಿಯೇ ವಿವರಣೆ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಸಾರ್ವಜನಿಕ ಪ್ರಕಟಣೆಯಲ್ಲಿ ಮತ್ತೆ ಹೇಳಿತು. ಇದನ್ನು ಬರೆಯುವ ಮೊದಲು ಪರಿಚಯದ ವಕೀಲರಿಗೆ ಓದಿ ತೋರಿಸಿದೆ. ಕಾನೂನಿನ ಮಾತನ್ನು ನಾನೊಬ್ಬನೇ ನಂಬಿ ಬರೆಯುವುದಿಲ್ಲ.

ರೇಟನ್ನೂ ಮುಚ್ಚಿಡುವುದಿಲ್ಲ. ಎಷ್ಟು ದೂರ, ಎಷ್ಟು ತಾಸು, ಎಷ್ಟು ಹುಡುಗರು, ಜನರೇಟರ್ ಯಾರದು, ಡೀಸೆಲ್ ಯಾರದು ಎನ್ನುವುದರ ಮೇಲೆ ಹಣ ಹೇಗೆ ಏರಿಳಿಯುತ್ತದೆ ಅಂತ ಬಿಡಿಸಿ ಬರೆದಿದ್ದೇನೆ. ಮಂಟಪದವರು ಡಿಜೆಗೆ ಬೇರೆ ಲೈನ್ ಕೊಡಬೇಕು, ಅಡುಗೆಮನೆಯ ಗ್ರೈಂಡರ್ ಇರುವ ಲೈನಿಗೆ ಸೇರಿಸಿದರೆ ಮೈಕಿನಲ್ಲಿ ಗುಂಯ್ ಅನ್ನುವ ಸದ್ದು ಬರುತ್ತದೆ ಎನ್ನುವುದೂ ಅದರಲ್ಲಿದೆ.

ಈ ಸಲದ ಆಷಾಢಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನೆ ಕಾದಿದೆ. ಬಸವನ ಬಾಗೇವಾಡಿಯಿಂದ ಒಬ್ಬ ತಂಗಿ ಕೇಳಿದ್ದು: "ಅಣ್ಣಾ, ಅಣ್ಣನ ಲಗ್ನಕ್ಕ ಮೂರ ತಿಂಗಳ ಕೂಸ ಕರಕೊಂಡ ಬರ್ತೀನಿ. ಎಲ್ಲಿ ಕುಂದ್ರಲಿ?" ಬಯಲಿನಲ್ಲಾದರೆ ಸ್ಪೀಕರಿನಿಂದ ದೂರ ಎರಡು ಪಟ್ಟು ಆದಂತೆ 6 ಡೆಸಿಬಲ್ ಇಳಿಯುತ್ತದೆ, ಗೋಡೆ ಇರುವ ಮಂಟಪದಲ್ಲಿ ಅಷ್ಟು ಇಳಿಯುವುದಿಲ್ಲ. ಸದ್ಯಕ್ಕೆ ಅವಳಿಗೆ ಊಟದ ಹಾಲ್‌ನ ಆಚೆಗಿನ ಕೋಣೆ ಹೇಳಿದ್ದೇನೆ. ಖಾಲಿ ಇರುವ ಮೂರು ಮಂಟಪದವರನ್ನು ಕೇಳಿ ಇಟ್ಟಿದ್ದೇನೆ. ಸೌಂಡ್ ಮೀಟರ್ ಹಿಡಿದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಆಮೇಲೆ ಒಳಗಿನ ಕೋಣೆಗಳಲ್ಲಿ ಬಾಗಿಲು ಹಾಕಿ, ತೆಗೆದು ಅಳೆಯಬೇಕು. ಅಂಕಿ ಕೈಗೆ ಬಂದ ಮೇಲೆ ಬರೆಯುತ್ತೇನೆ.