ಹೊಗೆಯ ಜೊತೆ ಹೋಗುವ ಶಾಖ: ನಾನು ಅಳೆಯುವ ಕ್ರಮ

ಬಾಯ್ಲರ್ ನೀರು 60 ಡಿಗ್ರಿ ದಾಟಿ, ಹೊಗೆಯ ಉಷ್ಣತೆ ಏರುವುದು ನಿಂತ ಮೇಲೆಯೇ ನಾನು ಅಳತೆ ಶುರು ಮಾಡುವುದು. ಅಷ್ಟರೊಳಗೆ ಅನಲೈಸರನ್ನು (ಹೊಗೆಯನ್ನು ಎಳೆದು ಅದರಲ್ಲಿನ ಅನಿಲಗಳನ್ನು ಅಳೆಯುವ ಉಪಕರಣ) ಹೊರಗಿನ ಗಾಳಿಯಲ್ಲಿ ಹೊಂದಿಸಿಕೊಳ್ಳುತ್ತೇನೆ; ಆಗ ಆಕ್ಸಿಜನ್ ಗಾಳಿಯಲ್ಲಿರುವಷ್ಟೇ, ಶೇ. 20.9 ತೋರಿಸಬೇಕು. ಹೊಗೆಯ ತೇವದ ನೀರು ಹಿಡಿಯುವ ಅದರ ಬಟ್ಟಲು ಖಾಲಿಯಿರಲಿ. ಎಣ್ಣೆ ಬರ್ನರ್ ಆದರೆ ಹೊಗೆಯಲ್ಲಿ ಮಸಿ ಎಷ್ಟಿದೆ ಎಂದು ಮೊದಲು ಪರೀಕ್ಷಿಸಬೇಕು, ಇಲ್ಲದಿದ್ದರೆ ಅನಲೈಸರ್‌ನ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಹೊಗೆ ಕೊಳವೆಯಲ್ಲಿ ಅಳತೆಯ ತೂತು ಬಾಯ್ಲರ್‌ನಿಂದ ಕೊಳವೆಯ ವ್ಯಾಸದ ಎರಡರಷ್ಟು ದೂರದಲ್ಲಿ, ಡ್ರಾಫ್ಟ್ ರೆಗ್ಯುಲೇಟರ್‌ಗಿಂತ (ಚಿಮಣಿಯ ಎಳೆತವನ್ನು ಹದದಲ್ಲಿಡುವ ಬಾಗಿಲು) ಮೊದಲೇ ಇರಬೇಕು. ಅನಲೈಸರ್‌ನ ಪ್ರೋಬನ್ನು (ಹೊಗೆಯೊಳಗೆ ಇಳಿಸುವ ಅಳತೆಯ ಕಡ್ಡಿ) ನಿಧಾನವಾಗಿ ಒಳಗೆ ಹೊರಗೆ ಸರಿಸಿ, ಉಷ್ಣತೆ ಅತಿ ಹೆಚ್ಚು ಸಿಗುವ ಜಾಗದಲ್ಲಿ ಬಿಗಿಯುತ್ತೇನೆ. ಗಾಳಿಯ ಉಷ್ಣತೆಯನ್ನು ಬರ್ನರ್ ಗಾಳಿ ಎಳೆದುಕೊಳ್ಳುವ ಬಾಯಿಯಲ್ಲೇ ನೋಡಬೇಕು. ಅಲ್ಲಿ 10 ಡಿಗ್ರಿ ತಪ್ಪಿದರೆ ಲೆಕ್ಕ ಹತ್ತಿರ ಹತ್ತಿರ ಅರ್ಧ ಶೇಕಡಾ ತಪ್ಪುತ್ತದೆ.

ಶಾಖದಲ್ಲಿ ಶೇಕಡಾ ಎಷ್ಟು ಹೊಗೆಯ ಜೊತೆ ನಷ್ಟವಾಗುತ್ತದೆ ಎಂಬ ಲೆಕ್ಕಕ್ಕೆ ಸೀಗರ್ಟ್ ಸೂತ್ರ. 0.68ನ್ನು (21 − ಆಕ್ಸಿಜನ್)ರಿಂದ ಭಾಗಿಸಿ, 0.007 ಕೂಡಿಸಿ, ಹೊಗೆಗೂ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸದಿಂದ ಗುಣಿಸಬೇಕು. ಇದು ಹಗುರ ಎಣ್ಣೆಗೆ. ನೈಸರ್ಗಿಕ ಅನಿಲಕ್ಕೆ 0.66 ಮತ್ತು 0.009. ಹೊಗೆ 180, ಗಾಳಿ 20, ಆಕ್ಸಿಜನ್ ಶೇ. 4 ಇದ್ದರೆ ಎಣ್ಣೆ ಬರ್ನರ್‌ನ ನಷ್ಟ ಶೇ. 7.5.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೊಳವೆಯ ಸಂದಿನಿಂದ ಗಾಳಿ ಸೇರಿ ಆಕ್ಸಿಜನ್ 8ಕ್ಕೆ ಏರಿದರೆ ಹೊಗೆಯೂ ತಣ್ಣಗಾಗಿ ಸುಮಾರು 142 ಡಿಗ್ರಿಗೆ ಇಳಿಯುತ್ತದೆ. ಆಗ ಲೆಕ್ಕ ಶೇ. 7.3 ಬರುತ್ತದೆ, ಅಂಥ ವ್ಯತ್ಯಾಸವೇನಿಲ್ಲ. ಆದರೆ ಪ್ರೋಬಿನ ಹಿಡಿಕೆಯಲ್ಲೋ ಮೆದುಗೊಳವೆಯಲ್ಲೋ ಸೋರಿಕೆ ಇದ್ದರೆ ತುದಿಯ ಉಷ್ಣತೆ 180ರಲ್ಲೇ ನಿಂತು, ಆಕ್ಸಿಜನ್ ಮಾತ್ರ 8 ತೋರಿಸುತ್ತದೆ. ನಷ್ಟ ಶೇ. 9.5 ಎಂದು ಬರುತ್ತದೆ, ಅದು ಸುಳ್ಳು ಲೆಕ್ಕ. ಅದನ್ನು ನಂಬಿ ಬರ್ನರ್‌ನ ಗಾಳಿ ಕಡಿಮೆ ಮಾಡಿದರೆ ಮಸಿ ಕಟ್ಟುತ್ತದೆ, ಕಾರ್ಬನ್ ಮೊನಾಕ್ಸೈಡ್ ಏರುತ್ತದೆ; ಜೀವಕ್ಕೇ ಅಪಾಯ. ಹಾಗಾಗಿ ಪ್ರತಿ ಸಲವೂ ಪ್ರೋಬಿನ ತುದಿ ಮುಚ್ಚಿ ನೋಡುತ್ತೇನೆ. ಪಂಪ್ ತಿಣುಕಬೇಕು, ಹರಿವು ನಿಲ್ಲಬೇಕು. ಆರಾಮಾಗಿ ಓಡುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಆಕ್ಸಿಜನ್ ಸರಿಯಿದ್ದೂ ಹೊಗೆ ವಿಪರೀತ ಬಿಸಿಯಿದ್ದರೆ ಶಾಖ ನೀರಿಗೆ ಇಳಿಯುತ್ತಿಲ್ಲ. ಒಳಗೆ ಮಸಿ ಕೂತಿರಬಹುದು, ಇಲ್ಲವೇ ಬಾಯ್ಲರ್‌ಗೆ ನಾಜಲ್ (ಎಣ್ಣೆ ಚಿಮ್ಮಿಸುವ ಮೂತಿ) ದೊಡ್ಡದಾಗಿರಬಹುದು. ಮಸಿಯನ್ನು ಬ್ರಷ್ ಹಾಕಿ ತೆಗೆದು, ಅದೇ ತೂತಿನಲ್ಲಿ, ಅದೇ ಆಳದಲ್ಲಿ ಮತ್ತೆ ಅಳೆದು, ತೂತನ್ನು ಬಿಗಿಯಾಗಿ ಮುಚ್ಚುತ್ತೇನೆ.