ಹಳೇ ಬೈಕನ್ನು ಕೆಫೆ ರೇಸರ್ ಮಾಡುವ ಮೊದಲು ತುಕ್ಕು ನೋಡಿ

ಮನೆಯಲ್ಲೇ ಹಳೇ ಯೆಜ್ಡಿ, ಆರ್‌ಎಕ್ಸ್ 100 ಬಿಚ್ಚಿ ಕೆಫೆ ರೇಸರ್ ಮಾಡಲು, ಅಂದರೆ ತಗ್ಗು ಹ್ಯಾಂಡಲ್ ಹಾಕಿ ಹಳೇ ರೇಸ್ ಬೈಕಿನಂತೆ ಬದಲಾಯಿಸಲು ಹೊರಟವರಿಗೆ ಒಂದು ಮಾತು. ಸೀಟು, ಪೇಂಟ್ ಎಲ್ಲ ಆಮೇಲೆ. ನಮ್ಮ ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿಗೆ ಸಿಕ್ಕ ಗಾಡಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ತುಕ್ಕು ಹಿಡಿದಿರಬಹುದು.

ಬ್ಯಾಟರಿ ಟ್ರೇ ಕೆಳಗೆ, ಸ್ಟ್ಯಾಂಡ್ ವೆಲ್ಡಿಂಗ್ ಸುತ್ತ ಪೇಂಟ್ ಕೆರೆದು ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಸರಿ. ಡಬ್ ಅಂದರೆ ಫ್ರೇಮಿನ ಪೈಪ್ ತೆಳುವಾಗಿರಬಹುದು, ವೆಲ್ಡರ್‌ಗೆ ತೋರಿಸಿ.

ಪೆಟ್ರೋಲ್ ಟ್ಯಾಂಕಿಗೆ ಜಾಸ್ತಿ ಸಮಯ ಕೊಡಿ. ಪೆಟ್ರೋಲ್ ಪೂರ್ತಿ ತೆಗೆದು, ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಬಿಚ್ಚಿ, ಅದರ ತೂತು ಮುಚ್ಚಿ. ಒಂದು ಹಿಡಿ ನಟ್ಟು ಹಾಕಿ, ಬಿಳಿ ವಿನೆಗರ್ ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೆನ್ನಾಗಿ ಅಲ್ಲಾಡಿಸಿದರೆ ಕೆಂಪು ರಾಡಿ ಹೊರಬರುತ್ತದೆ. ನಟ್ಟುಗಳನ್ನು ಎಣಿಸಿ ತೆಗೆಯಿರಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಒಣಗಿದ ಕೂಡಲೇ ಸ್ವಲ್ಪ 2ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಆಯಿಲ್) ಹಾಕಿ ಒಳಗೆಲ್ಲ ಹರಿದಾಡಿಸಿ. ಸುಮ್ನೆ ಬಿಟ್ಟರೆ ನಮ್ಮ ತೇವಕ್ಕೆ ಮತ್ತೆ ತುಕ್ಕು ಬರುತ್ತದೆ. ಈ ಕೆಲಸ, ಪೇಂಟ್ ಎರಡೂ ಮಳೆಗಾಲದಲ್ಲಿ ಬೇಡವೇ ಬೇಡ.

ಕ್ಲಿಪ್-ಆನ್ ಹ್ಯಾಂಡಲ್ (ಮುಂದಿನ ಫೋರ್ಕ್ ಪೈಪಿಗೇ ಬಿಗಿಯುವ ತಗ್ಗು ಹ್ಯಾಂಡಲ್) ಕೂರಿಸಿದ ಮೇಲೆ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಬಾರದು, ಕೇಬಲ್ ಎಳೆಯಬಾರದು. ಇಂಜಿನ್ ಸ್ಟಾರ್ಟ್ ಮಾಡಿ ತಿರುಗಿಸಿದಾಗ ರೇಸ್ ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ದಾರಿ ತಪ್ಪಿರಬಹುದು.

ಫ್ರೇಮ್ ಕತ್ತರಿಸುವ ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಚಾಸಿಸ್ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ. ಪೇಂಟ್ ಹೊಡೆಯುವಾಗಲೂ ಅಲ್ಲಿಗೆ ಟೇಪ್ ಅಂಟಿಸಿ.